ಅಂಗಳದ ಕಾಂಕ್ರೀಟಿಗೆ ಗೀರು ಹಾಕಿಸಿ ಮಾರಾಯ್ರೇ

ಮನೆ ಮುಂದೆ ಪಾರ್ಕಿಂಗ್‌ಗೆ ಕಾಂಕ್ರೀಟ್ ಹಾಕಿಸುವಾಗ ಯಾವ ಸಿಮೆಂಟ್ ಅಂತ ಗಂಟೆಗಟ್ಟಲೆ ಚರ್ಚೆ ಮಾಡುತ್ತೇವೆ. ಜಾಯಿಂಟ್, ಅಂದರೆ ಬೇಕಂತಲೇ ಬಿಡುವ ಗೀರು ಅಥವಾ ಸಂದು, ಎಲ್ಲಿ ಬರಬೇಕು ಅಂತ ಯಾರೂ ಕೇಳಲ್ಲ. ಮೇಸ್ತ್ರಿಯೇ ಹೇಳಿದರೂ "ಬೇಡಪ್ಪಾ, ಚೆನ್ನಾಗಿ ಕಾಣಲ್ಲ" ಅನ್ನುತ್ತೇವೆ. ಆಮೇಲೆ ಬಿರುಕು ಬಿಟ್ಟರೆ ಬೈಗುಳ ಸಿಮೆಂಟಿಗೆ!

ಚಿಕ್ಕಪ್ಪನ ಮನೆ ಅಂಗಳ ನೋಡಿ. ಸಂಪಿನ ಮುಚ್ಚಳದ ಮೂಲೆಯಿಂದ ಹೊರಟ ಬಿರುಕು ಓರೆಯಾಗಿ ಗೇಟಿನ ತನಕ ಹೋಗಿದೆ. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ, ಕೆಳಗಿನ ನೆಲ ಅದನ್ನು ಬಿಡದೆ ಹಿಡಿದಿರುತ್ತದೆ. ಎಷ್ಟು ಭಾರ ಹೇರಿದರೂ ತಡೆಯುವ ಕಾಂಕ್ರೀಟ್ ಎಳೆತಕ್ಕೆ ಮಾತ್ರ ಬೇಗ ಸೋಲುತ್ತದೆ. ಮುಚ್ಚಳದ ಮೂಲೆ, ಕಾಲಂ ಮೂಲೆ ಇಂಥ ಕಡೆಯೇ ಮೊದಲು ಸೀಳುವುದು.

ಅದಕ್ಕೇ ಗೀರು. 4 ಇಂಚು ದಪ್ಪದ ಕಾಂಕ್ರೀಟಿಗೆ ಕನಿಷ್ಠ 1 ಇಂಚು ಆಳ, 8-10 ಅಡಿಗೊಂದು, ಆದಷ್ಟು ಚೌಕವಾಗಿ. ಆ ಮೂಲೆಗಳನ್ನು ಹಾದು ಹೋಗುವಂತಿದ್ದರೆ ಇನ್ನೂ ಒಳ್ಳೆಯದು. ಬಿರುಕು ಗೀರಿನ ತಳದಲ್ಲೇ ಬಿಡುತ್ತದೆ, ಕಣ್ಣಿಗೆ ಬೀಳಲ್ಲ. ಆದರೆ ಅಂಚು ಕಿತ್ತು ಬರದಷ್ಟು ಗಟ್ಟಿಯಾದ ಕೂಡಲೇ ಕಟರ್ ಓಡಿಸಬೇಕು. ಅಂದರೆ ಸಾಮಾನ್ಯವಾಗಿ ಒಂದು ದಿನದೊಳಗೆ, ಬೇಸಿಗೆಯಲ್ಲಿ ಇನ್ನೂ ಬೇಗ. "ಮೂರು ದಿನ ಬಿಟ್ಟು ಬರ್ತೀನಿ ಸಾರ್" ಅನ್ನುವವನನ್ನು ಕರೆಸಬೇಡಿ. ಬೆಂಗಳೂರಿನ ವೈಟ್ ಟಾಪಿಂಗ್ (ಡಾಂಬರಿನ ಮೇಲೆ ಕಾಂಕ್ರೀಟ್ ಹಾಕಿದ) ರಸ್ತೆಯ ಚೌಕಗಳೂ ಇದೇ ಲೆಕ್ಕ, ಚೆಂದಕ್ಕೆ ಕೊಯ್ದಿದ್ದಲ್ಲ. (ಇದೆಲ್ಲ ನೆಲದ ಮೇಲಿನ ಕಾಂಕ್ರೀಟಿಗೆ ಮಾತ್ರ. ತಾರಸಿ ಮೇಲೆ ಕಟರ್ ಇಟ್ಟೀರಿ, ಜೋಕೆ!)

ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಬೇರೆ. ಅದು ಬಿಸಿಲಿಗೆ ಹಿಗ್ಗೋದಕ್ಕೆ ಬಿಡುವ ಜಾಗ, ಅಡಿಯವರೆಗೂ ಪೂರ್ತಿ ಸಂದು. 30 ಮೀಟರ್ ಉದ್ದದ ಹಾಸು, ತಾಪಮಾನ 30 ಡಿಗ್ರಿ ಏರಿದರೆ, ಸುಮಾರು 9 ಮಿಲಿಮೀಟರ್ ಬೆಳೆಯುತ್ತದೆ. ಎರಡೂ ಕಡೆ ಗೋಡೆ ಇದ್ದರೆ ಎಲ್ಲಿಗೆ ಹೋಗಬೇಕು ಪಾಪ? ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಕೂಡ 45 ಮೀಟರಿಗಿಂತ ಉದ್ದದ ಕಟ್ಟಡದ ವಿಷಯದಲ್ಲಿ ಈ ಜಾಯಿಂಟ್ ಬಗ್ಗೆ ಹೇಳುತ್ತದೆ. ಸಣ್ಣ ಅಂಗಳಕ್ಕೆ ಗೋಡೆ, ಕಾಲಂ ಸುತ್ತ ಅರ್ಧ ಇಂಚಿನ ಥರ್ಮಾಕೋಲ್ ಇಟ್ಟು ಕಾಂಕ್ರೀಟ್ ಸುರಿದರೆ ಸಾಕು.

ಜಾಯಿಂಟ್ ಇದೆ ಅಂತ ನೀರು ಜಾಸ್ತಿ ಕಲಸಿ, ಕ್ಯೂರಿಂಗ್ (ನೀರುಣಿಸಿ ಗಟ್ಟಿ ಮಾಡುವುದು) ಬಿಟ್ಟರೆ ಬಿರುಕು ಬಂದೇ ಬರುತ್ತದೆ. ಕನಿಷ್ಠ 7 ದಿನ ಮೇಲೆ ನೀರು ನಿಂತಿರುವಂತೆ ನೋಡಿಕೊಳ್ಳಿ.

ನನಗೆ ಸಿಟ್ಟು ಬರೋದು ಇದಕ್ಕೆ: ಎಲ್ಲ ಸರಿಯಾಗಿ ಮಾಡಿ, ಕೊನೆಗೆ ಕಸ ಕೂರುತ್ತೆ ಅಂತ ಆ ಸಂದಿಗೇ ಸಿಮೆಂಟ್ ಹಾಲು ಹೊಯ್ದು ಬಿಗಿ ಮಾಡಿಬಿಡುತ್ತಾರೆ. ರಬ್ಬರಿನ ಹಾಗೆ ಎಳೆಯುವ ಸೀಲೆಂಟ್ ಅಂಗಡಿಯಲ್ಲಿ ಸಿಗುತ್ತೆ. ಅದನ್ನು ತುಂಬಿಸಿ, ಅಷ್ಟೇ.