ವರದಿಗೆ ಕಾಯದೆ ಗೊನೊರಿಯಾಗೆ ಔಷಧ ಕೊಡಬೇಕೇ?

ಪರ: ಕೈಗೆ ಸಿಕ್ಕ ರೋಗಿಯನ್ನು ಕಳೆದುಕೊಳ್ಳಬೇಡಿ

ಗೊನೊರಿಯಾ ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ ಸೋಂಕು. ಮೂತ್ರಕ್ಕೆ ಹೋದರೆ ಉರಿ, ಒಳಉಡುಪಿನಲ್ಲಿ ಹಳದಿ ಕೀವಿನ ಕಲೆ, ತಲೆ ಎತ್ತಲಾರದಷ್ಟು ನಾಚಿಕೆ. ಹೀಗೆ ಬಂದು ಎದುರಿಗೆ ಕುಳಿತವನಿಗೆ "ಪ್ರಯೋಗಾಲಯದ ವರದಿ ಬಂದ ಮೇಲೆ ಬಾ" ಎನ್ನುವುದು ಚಿಕಿತ್ಸೆಯಲ್ಲ, ಸಾಗಹಾಕುವ ಉಪಾಯ.

ಹಿಂದೆ ನಾನಿದ್ದ ಆಸ್ಪತ್ರೆಯಲ್ಲಿ ವರದಿಯಿಲ್ಲದೆ ಔಷಧ ಬರೆಯುವಂತಿರಲಿಲ್ಲ. ಆ ನಿಯಮದಂತೆ ವಾಪಸು ಹೋದ ಯುವಕನೊಬ್ಬ ಮತ್ತೆ ಬರಲಿಲ್ಲ. ಕೆಲವು ತಿಂಗಳ ಮೇಲೆ ಅವನ ಹೆಂಡತಿ ಬಂದಳು, ಕಿಬ್ಬೊಟ್ಟೆ ಒತ್ತಿ ಹಿಡಿದುಕೊಂಡು, ಜ್ವರದಲ್ಲಿ ನಡುಗುತ್ತಾ. ಸೋಂಕು ಗರ್ಭನಾಳಕ್ಕೆ ಏರಿತ್ತು. ಜ್ವರ ಇಳಿಯಿತು, ನೋವೂ ಹೋಯಿತು. "ಮಕ್ಕಳಾಗುತ್ತವೆ ಅಲ್ಲವೇ ಮೇಡಂ?" ಎಂದು ಕೇಳಿದಾಗ ಮಾತ್ರ ಹೌದೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಗಂಡ ಹೊರಗೆ ಬಿಲ್ಲು ಕಟ್ಟುವ ಸಾಲಿನಲ್ಲಿ ನಿಂತಿದ್ದ, ನನ್ನತ್ತ ತಿರುಗಿಯೂ ನೋಡಲಿಲ್ಲ. ಅವನ ಹಳೆಯ ವರದಿಯನ್ನು ಯಾರೂ ಒಯ್ದಿರಲಿಲ್ಲ.

ಗೊನೊರಿಯಾಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಒಂದೇ ಚುಚ್ಚುಮದ್ದು. ಕಣ್ಣೆದುರೇ ಕೊಡುತ್ತೇವೆ, ಮಾತ್ರೆ ನುಂಗಿದನೋ ಬಿಸಾಡಿದನೋ ಎಂಬ ಅನುಮಾನಕ್ಕೆ ಜಾಗವಿಲ್ಲ. ಸಂಗಾತಿಯನ್ನೂ ಕರೆದುಕೊಂಡು ಬಾ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ 15ರಿಂದ 49 ವರ್ಷದವರಲ್ಲಿ ಗೊನೊರಿಯಾದ 8.2 ಕೋಟಿ ಹೊಸ ಸೋಂಕುಗಳಾದವು. ಅಷ್ಟೂ ಜನರನ್ನು ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ವರದಿಗಾಗಿ ಕಾಯಿಸುತ್ತೀರಾ? ಔಷಧ ನಿರೋಧಕತೆ, ಅಂದರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗುತ್ತದೆ ಎಂದು ಪ್ರಯೋಗಾಲಯದವರು ಹೆದರಿಸುತ್ತಲೇ ಇರುತ್ತಾರೆ. ಅವರ ಪಾಲಿಗೆ ರೋಗಿ ಎಂದರೆ ಗಾಜಿನ ಕೊಳವೆಗೆ ಅಂಟಿಸಿದ ಚೀಟಿ. ಚೀಟಿ ತಪ್ಪಿಸಿಕೊಂಡು ಹೋಗುವುದಿಲ್ಲ, ಅದಕ್ಕೆ ಹೆಂಡತಿಯೂ ಇರುವುದಿಲ್ಲ.

ವಿರೋಧ: ಮುಂದಿನ ಔಷಧ ಯಾವುದು?

ವಿರೋಧದ ಪಾಲು ನನಗೆ ಬಂದಿದೆ, ಬರೆಯುತ್ತೇನೆ. ನರಳುವವನನ್ನು ಬರಿಗೈಯಲ್ಲಿ ಕಳಿಸಿ ಎಂದು ನಾನೂ ಹೇಳಲಾರೆ.

ಆದರೆ ಈ ಬ್ಯಾಕ್ಟೀರಿಯಾದ ಚರಿತ್ರೆ ಚೆನ್ನಾಗಿಲ್ಲ. ಇದರ ಹಳೆಯ ಔಷಧವಾದ ಸಲ್ಫಾ ಮೊದಲು ಕೈಕೊಟ್ಟಿತು. ಪೆನಿಸಿಲಿನ್ನನ್ನೇ ಒಡೆದುಹಾಕುವ ತಳಿಗಳು 1976ರಲ್ಲಿ ಕಾಣಿಸಿಕೊಂಡವು. ಸಿಪ್ರೊಫ್ಲಾಕ್ಸಾಸಿನ್ ವರ್ಗವನ್ನು ಅಮೆರಿಕ 2007ರಲ್ಲಿ ಕೈಬಿಟ್ಟಿತು. 2012ರಲ್ಲಿ ಅಲ್ಲೇ ಸೆಫಿಕ್ಸಿಮ್ ಮಾತ್ರೆಯೂ ಮೊದಲ ಆಯ್ಕೆಯ ಸ್ಥಾನ ಕಳೆದುಕೊಂಡಿತು. ಈಗ ನೆಚ್ಚಿರುವ ಸೆಫ್ಟ್ರಿಯಾಕ್ಸೋನಿಗೂ ಬಗ್ಗದ ತಳಿ 2009ರಲ್ಲೇ ಜಪಾನಿನ ಕ್ಯೋಟೊದಲ್ಲಿ ಸಿಕ್ಕಿದೆ.

ಕೀವು ಕಂಡಲ್ಲೆಲ್ಲ ಗೊನೊರಿಯಾ ಇರುವುದಿಲ್ಲ. ಹೆಂಗಸರ ಬಿಳಿಸೆರಗಿಗಂತೂ ಬಹಳ ಸಲ ಬೇರೆಯೇ ಕಾರಣ. ಸೋಂಕಿದ್ದೂ ಯಾವ ಲಕ್ಷಣವೂ ಇಲ್ಲದವರು ಅನೇಕರು. ಲಕ್ಷಣ ನೋಡಿ ಚುಚ್ಚುವ ಸೂಜಿ ಅವರನ್ನು ತಲುಪುವುದೇ ಇಲ್ಲ. ಮತ್ತೆ ಬಾರದ ರೋಗಿಯ ವಿಚಾರ ಆಡಳಿತಕ್ಕೆ ಸೇರಿದ್ದು, ಫೋನ್ ಮಾಡಿ ಕರೆಸಲಿ.

ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ಪೂರ್ತಿಯಾಗಿ ತಿಳಿಯಲು ಅದನ್ನು ಜೀವಂತವಾಗಿ ಬೆಳೆಸಬೇಕು. ಸ್ವ್ಯಾಬ್ (ಮಾದರಿ ತೆಗೆಯುವ ಹತ್ತಿಕಡ್ಡಿ) ಒಣಗಿದರೆ ಬ್ಯಾಕ್ಟೀರಿಯಾ ಸತ್ತುಹೋಗುತ್ತದೆ. ಔಷಧ ಕೊಟ್ಟ ಮೇಲೆ ತೆಗೆದ ಸ್ವ್ಯಾಬಿನಲ್ಲಿ ಹೆಚ್ಚಾಗಿ ಏನೂ ಬೆಳೆಯುವುದಿಲ್ಲ. ಮೊದಲು ಸ್ವ್ಯಾಬ್ ತೆಗೆದು, ಅಂದೇ ಚುಚ್ಚುಮದ್ದು ಕೊಟ್ಟರೆ ನನ್ನ ತಕರಾರು ಅರ್ಧಕ್ಕೆ ಇಳಿಯುತ್ತದೆ. ಆದರೆ "ಔಷಧ ಕೊಟ್ಟಾಯಿತಲ್ಲ, ಇನ್ನು ಪರೀಕ್ಷೆ ಯಾಕೆ?" ಎನ್ನುವ ವೈದ್ಯರನ್ನೇ ನಾನು ಹೆಚ್ಚು ಕಂಡಿದ್ದೇನೆ.