ಕೋಳಿ ಗೊಬ್ಬರದಲ್ಲಿ ತಾಮ್ರ, ಸತುವೂ ಇದೆ

ದನದ ಮೇವಿಗೆ ಬೆಳೆಯುವ ನೇಪಿಯರ್ ಹುಲ್ಲಿಗೆ ಕೋಳಿ ಗೊಬ್ಬರ ಹಾಕಿದರೆ ಒಳ್ಳೆ ಇಳುವರಿ ಅಂತ ಒಂದು ಲೇಖನದಲ್ಲಿ ಓದಿದೆ, ಅದು ಸರಿ. ಆದರೆ ಅದರಲ್ಲಿ ತಾಮ್ರ, ಸತುವಿನ ಮಾತೇ ಇಲ್ವಲ್ಲ! ಫಾರಂ ಕೋಳಿಗಳ ಆಹಾರಕ್ಕೆ ಇವೆರಡನ್ನೂ ಸೇರಿಸುತ್ತಾರೆ, ಕೋಳಿಯ ಮೈಗೆ ಹಿಡಿಯುವುದು ಸ್ವಲ್ಪ, ಉಳಿದದ್ದೆಲ್ಲ ಹಿಕ್ಕೆಯಲ್ಲಿ ಹೊರಗೆ ಬರುತ್ತದೆ. ಸಾರಜನಕ ಮಳೆಗೆ ತೊಳೆದು ಹೋಗುತ್ತದೆ. ಇವು ಹಾಗಲ್ಲ, ಹೆಚ್ಚಿನಂಶ ಮೇಲ್ಮಣ್ಣಿನಲ್ಲೇ ಕೂತು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತವೆ.

ನಮ್ಮ ಉಡುಪಿ ಕಡೆ ಇನ್ನೊಂದು ವಿಷಯ ಇದೆ. ಅಡಿಕೆಗೆ ಕೊಳೆರೋಗ ಬಾರದಂತೆ ಪ್ರತಿ ಮಳೆಗಾಲ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದೂ ತಾಮ್ರವೇ ಅಲ್ವಾ? ಅದೇ ತೋಟಕ್ಕೆ ಕೋಳಿ ಗೊಬ್ಬರ, ಅಲ್ಲಿಂದಲೇ ದನಕ್ಕೆ ಹುಲ್ಲು. ನಮ್ಮದು ಹುಳಿ ಮಣ್ಣು ಬೇರೆ, ಹುಳಿ ಹೆಚ್ಚಿದಷ್ಟೂ ತಾಮ್ರ, ಸತು ಗಿಡಕ್ಕೆ ಸುಲಭವಾಗಿ ಸಿಗುತ್ತವೆ. ಹುಲ್ಲಿನಲ್ಲಿ ಬಂದ ತಾಮ್ರವನ್ನು ದನ ಒಂದಿಷ್ಟು ತಡೆದುಕೊಳ್ಳುತ್ತದೆ, ಕುರಿಗೆ ಹಾಗಲ್ಲ, ತಾಮ್ರ ಲಿವರ್‌ನಲ್ಲಿ ಸೇರುತ್ತಾ ಹೋಗಿ ಒಂದು ದಿನ ಇದ್ದಕ್ಕಿದ್ದಂತೆ ಪ್ರಾಣಕ್ಕೇ ಬರುತ್ತದೆ.

ಕೋಳಿ ಗೊಬ್ಬರ ಬಿಡಿ ಅಂತ ನಾನು ಹೇಳುತ್ತಿಲ್ಲ. ಮಣ್ಣು ಪರೀಕ್ಷೆಯಲ್ಲಿ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಮಾತ್ರ ನೋಡಿ ಸುಮ್ನೆ ಇರಬೇಡಿ. ಸರ್ಕಾರ ಕೊಡುವ ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ತಾಮ್ರ, ಸತು ಎರಡೂ ಇವೆ, ಆ ಅಂಕೆಗಳನ್ನೂ ನೋಡಿ ಆಮೇಲೆ ಎಷ್ಟು ಲೋಡು ಹಾಕಬೇಕು ಅಂತ ತೀರ್ಮಾನಿಸಿ.