ಮಿನ್ನೆಸೋಟದ ಸಂಬಳದ ರಜೆ: ಪುಟ್ಟ ಅಂಗಡಿಗೂ ಬೇಕಾ?

ಪರ

ಅಮೆರಿಕದ ಮಿನ್ನೆಸೋಟದಲ್ಲಿ 2026ರ ಜನವರಿ 1ರಿಂದ ಹೆರಿಗೆಗೆ, ಕಾಯಿಲೆಗೆ, ಮನೆಯವರ ಆರೈಕೆಗೆ ರಜೆ ಹಾಕಿದರೂ ಸಂಬಳದ ಒಂದು ಪಾಲು ಕೈಗೆ ಸಿಗುತ್ತದೆ. ಒಬ್ಬನೇ ಕೆಲಸಗಾರ ಇದ್ದರೂ ಕಾನೂನು ಅನ್ವಯ. ಪುಟ್ಟ ಅಂಗಡಿ ಮುಳುಗಿಹೋಗುತ್ತೆ ಅನ್ನುವವರು ಮೊದಲು ಲೆಕ್ಕ ನೋಡಲಿ. ರಜೆಯ ದುಡ್ಡು ಕೊಡುವುದು ಮಾಲೀಕನಲ್ಲ, ರಾಜ್ಯದ ನಿಧಿ. ಅದಕ್ಕೆ ಕಟ್ಟಬೇಕಾದ್ದು ಸಂಬಳದ ಶೇ. 0.88. ಅದರಲ್ಲೂ ಅರ್ಧವನ್ನು ಕೆಲಸಗಾರನ ಸಂಬಳದಲ್ಲೇ ಹಿಡಿಯಬಹುದು. ಸಾವಿರ ಡಾಲರ್ ಸಂಬಳಕ್ಕೆ ಮಾಲೀಕನಿಂದ ಹೋಗುವುದು 4 ಡಾಲರ್ 40 ಸೆಂಟ್. 30 ಜನರೊಳಗಿದ್ದು ಸಂಬಳವೂ ಸಾಧಾರಣ ಇದ್ದರೆ ಅದು 2 ಡಾಲರ್ 20 ಸೆಂಟ್‌ಗೆ ಇಳಿಯುತ್ತದೆ.

ನಮ್ಮಲ್ಲಿ ನೋಡಿ. ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ) ಇಲ್ಲದ ಕಡೆ 26 ವಾರದ ಹೆರಿಗೆ ರಜೆಯ ಸಂಬಳ ಪೂರ್ತಿ ಮಾಲೀಕನ ಜೇಬಿನಿಂದಲೇ ಬರಬೇಕು. ಹೊಸದಾಗಿ ಮದುವೆಯಾದ ಹುಡುಗಿಯನ್ನು ಕೆಲಸಕ್ಕೆ ತಗೊಳ್ಳಲು ಕೆಲವರು ಹಿಂದೆಮುಂದೆ ನೋಡುವುದು ಅದಕ್ಕೇ ಅಲ್ವಾ? ನಿಧಿ ಇದ್ದರೆ ಆ ನೆಪ ಇಲ್ಲ.

1993ರ ಅಮೆರಿಕದ ಕೇಂದ್ರ ಕಾನೂನಿನಲ್ಲಿ 12 ವಾರ ರಜೆ ಉಂಟು, ಸಂಬಳ ಇಲ್ಲ. 50ಕ್ಕಿಂತ ಕಡಿಮೆ ಜನರಿರುವ ಖಾಸಗಿ ಕಡೆ ಆ ರಜೆಯೂ ಇಲ್ಲ. ಇಷ್ಟು ವರ್ಷ ಹೊರಗುಳಿದವರನ್ನೇ ಮತ್ತೆ ಬಿಟ್ಟರೆ ಕಾನೂನು ಯಾರಿಗೆ? ಮಿನ್ನೆಸೋಟದ ಈ ಕಾನೂನಿಗೆ ಗವರ್ನರ್ ಟಿಮ್ ವಾಲ್ಜ್ ಸಹಿ ಹಾಕಿದ್ದು 2023ರಲ್ಲಿ. ತಯಾರಿಗೆ ಎರಡು ವರ್ಷಕ್ಕೂ ಜಾಸ್ತಿ ಸಮಯ ಸಿಕ್ಕಿತ್ತು.

ವಿರೋಧ

ಆ 4 ಡಾಲರ್ ಲೆಕ್ಕ ಸರಿ. ಆದರೆ ಪುಟ್ಟ ಅಂಗಡಿಯವನ ಚಿಂತೆ ದುಡ್ಡಿನದಲ್ಲ, ಜನದ್ದು. ಐದು ಜನರ ಬೇಕರಿ ಅಂದುಕೊಳ್ಳಿ. ಬೆಳಗಿನ ಜಾವ ನಾಲ್ಕಕ್ಕೆ ಬಂದು ಓವನ್ ಹಚ್ಚಿ ಹಿಟ್ಟು ನಾದುವವನು ಬೆನ್ನಿನ ಆಪರೇಷನ್ನಿಗೆ ಹೋದ. ತನ್ನ ಕಾಯಿಲೆಗೆ 12 ವಾರ. ಅದೇ ವರ್ಷ ಮನೆಯವರಿಗೂ ಬೇಕಾದರೆ ಎಲ್ಲ ಸೇರಿ 20 ವಾರದವರೆಗೆ. ಕೆಲಸಕ್ಕೆ ಸೇರಿ 90 ದಿನ ಆಗಿದ್ದರೆ ಅವನ ಕೆಲಸ ಅವನಿಗೇ ಕಾಯ್ದಿಡಬೇಕು. ಮೂರ್ನಾಲ್ಕು ತಿಂಗಳು ಬಾ, ಆಮೇಲೆ ಹೋಗು ಅಂದರೆ ಕೆಲಸ ಬಲ್ಲವನು ಯಾಕೆ ಬರುತ್ತಾನೆ? ಬದಲಿಯವರ ಖರ್ಚಿಗೆ ಸಣ್ಣವರಿಗೆ ರಾಜ್ಯ 3,000 ಡಾಲರ್‌ವರೆಗೆ ನೆರವು ಕೊಡುತ್ತದೆ, ನಿಜ. ಆದರೆ ಬದಲಿಯವರೇ ಸಿಗದಿದ್ದರೆ? ಕೊನೆಗೆ ಮಾಲೀಕನೋ ಅವನ ಹೆಂಡತಿಯೋ ನಾಲ್ಕಕ್ಕೆ ಎದ್ದು ಓಡಬೇಕು. ಸ್ವಂತ ವ್ಯಾಪಾರದವರಿಗೆ ಈ ರಜೆ ಸಿಗಬೇಕಾದರೆ ತಾವಾಗಿ ಸೇರಿಕೊಳ್ಳಬೇಕು. ಸೇರಿಕೊಂಡರೂ ಅಂಗಡಿ ಬಿಟ್ಟು ಹೋಗೋದು ಹೇಗೆ?

ಒಟ್ಟಿಗೆ ಹಾಕದೆ ಬಿಡಿಬಿಡಿಯಾಗಿ ಹಾಕುವ ರಜೆ ಇನ್ನೂ ಕಷ್ಟ. ಕೀಮೋ ಇರುವವರಿಗೆ ಅದು ಬೇಕೇ ಬೇಕು, ತಕರಾರಿಲ್ಲ. ವಾರಕ್ಕೆ ಎರಡೇ ದಿನಕ್ಕೆ ಬದಲಿ ಹುಡುಕುವುದು ಮಾತ್ರ ಸುಮ್ನೆ ಮಾತಲ್ಲ.

ಕಾಗದದ ಕೆಲಸ ಬೇರೆ. 2025ರ ಡಿಸೆಂಬರ್ 1ರೊಳಗೆ ಪ್ರತಿಯೊಬ್ಬರಿಗೂ ಅವರವರ ಭಾಷೆಯಲ್ಲೇ ನೋಟಿಸು ಕೊಡಬೇಕಿತ್ತು. ಸ್ಪ್ಯಾನಿಷ್, ಸೊಮಾಲಿ, ಹ್ಮಾಂಗ್ ಮಾತಾಡುವವರೆಲ್ಲ ಇರುವ ರಾಜ್ಯ ಅದು. ಜೊತೆಗೆ ಗೋಡೆಗೆ ಪೋಸ್ಟರು, ಮೂರು ತಿಂಗಳಿಗೊಮ್ಮೆ ಸಂಬಳದ ವಿವರ. ದೊಡ್ಡ ಕಂಪನಿಗೆ ಎಚ್‌ಆರ್ ಇದೆ. ಇಲ್ಲಿ ಗಲ್ಲಾದ ಮುಂದೆ ಕೂತವನೇ ಎಚ್‌ಆರ್.

ಅದೇ ಜನವರಿ 1ರಂದು ಡೆಲವೇರ್ ರಾಜ್ಯ ಕೂಡ ರಜೆಯ ದುಡ್ಡು ಕೊಡಲು ಶುರು ಮಾಡಿತು. ಅಲ್ಲಿ 10ಕ್ಕಿಂತ ಕಡಿಮೆ ಜನರಿದ್ದರೆ ಕಡ್ಡಾಯವಿಲ್ಲ, 10ರಿಂದ 24 ಇದ್ದರೆ ಮಗುವಿನ ಆರೈಕೆಯ ರಜೆ ಮಾತ್ರ ಕಡ್ಡಾಯ. ಮಿನ್ನೆಸೋಟಕ್ಕೆ ಹಾಗೆ ಮಾಡಲು ಏನು ಅಡ್ಡಿಯಿತ್ತು?